ನೆಲ್ಲಿಕೆರೆಗೆ ಹೊರಟ ಮನೆಬಸ್ಸು

"ನನ್ನ ಮಂಚ ನೀರಿನ ಬದಿಗೇ ಇರಬೇಕು, ಪೌಲ್ ಬಾಬ್. ಕಣ್ಣು ಬಿಟ್ಟ ಕೂಡಲೇ ಕೆರೆ ಕಾಣಬೇಕು," ಎಂದಳು ಡಾಲಿ.

"ಅದು ಬಸ್ಸನ್ನು ಯಾವ ಕಡೆಗೆ ಮುಖ ಮಾಡಿ ನಿಲ್ಲಿಸ್ತೇವೆ ಅನ್ನುವುದರ ಮೇಲೆ ಉಂಟು ಮಾರಾಯ್ತಿ." ಅವಳ ಅಣ್ಣ ಪೌಲ್ ಲಸ್ರಾದೊ ಕಿವಿಯ ಮೇಲಿನ ಪೆನ್ಸಿಲ್ ತೆಗೆದ. ಮೇಜಿನ ಮೇಲೆ ಹರಡಿದ್ದ ಹಾಳೆಯಲ್ಲಿ ಬಸ್ಸಿನ ಚೌಕವನ್ನು ಅಳಿಸಿ, ತಿರುಗಿಸಿ ಬರೆದ. "ಈಗ ಕಾಣ್ತದಾ?"

ಡಾಲಿ ಕಣ್ಣು ಮುಚ್ಚಿ ನೋಡಿದಳು.

"ಕಾಣ್ತದೆ," ಎಂದಳು.

ಬೋಳಾರದ ಆ ಮಹಡಿಯ ಜಗಲಿಯಲ್ಲಿ ಇಳಿಹೊತ್ತಿನ ಬಿಸಿಲು ಅಲುಗುತ್ತಿತ್ತು. ಕೆಳಗೆ ನೇತ್ರಾವತಿ ಹೊಳೆಯುತ್ತಾ ಹರಿಯುತ್ತಿದ್ದಳು. ಆ ಹೊಳಪು ಗೋಡೆ ಹತ್ತಿ, ಮಾಡಿನ ಹಲಗೆಗಳ ಮೇಲೆ ಸಣ್ಣ ಸಣ್ಣ ಅಲೆಗಳಾಗಿ ಆಡುತ್ತಿತ್ತು. ಅದರ ಕೆಳಗೆ ಕುಳಿತವರಿಗೆ ತಾವು ಆಗಲೇ ಕೆರೆಯ ದಡ ಸೇರಿಬಿಟ್ಟೆವೇನೋ ಅನ್ನಿಸುವ ಹಾಗಿತ್ತು.

ದಸರಾ ರಜೆಗೆ ನೆಲ್ಲಿಕೆರೆಗೆ ಹೊರಡಬೇಕಾದ ಪ್ರಯಾಣ ಅದು. ಅಂಗಳದಲ್ಲಿ, ಪೌಲನ ಮರಗೆಲಸದ ಶೆಡ್ಡಿನ ಎದುರು ನಿಂತಿದ್ದ ಹಳೆಯ ಬಸ್ಸಿಗೆ ಈಗ ಮಂಚಗಳಿದ್ದವು, ಮಡಚುವ ಮೇಜಿತ್ತು, ಹೂಬಟ್ಟೆಯ ಪರದೆಗಳಿದ್ದವು. ಬೋಳಾರದವರು ಅದನ್ನು ಮನೆಬಸ್ಸು ಎಂದು ಕರೆಯತೊಡಗಿದ್ದರು. ಆದರೆ ಯಾರಿಗೋ ಅದು ಹೊರಡುವುದು ಬೇಡವಾಗಿತ್ತು. ಹೋದ ತಿಂಗಳು ಪೆಟ್ರೋಲ್ ಟ್ಯಾಂಕಿಗೆ ಸಕ್ಕರೆ ಬಿದ್ದಿತ್ತು. ನಿನ್ನೆ ಬೆಳಿಗ್ಗೆ ನೋಡಿದರೆ ಬ್ರೇಕ್ ಪೈಪಿನ ನಟ್ಟನ್ನು ಯಾರೋ ಬಿಚ್ಚಿಟ್ಟಿದ್ದರು.

ಅದಕ್ಕಾಗಿಯೇ ಬಲ್ಮಠದಿಂದ ಬರ್ನಡೆಟ್ ಬಾಯಿಯವರನ್ನು ಕರೆಸಿದ್ದು. ಆಸ್ಪತ್ರೆಯ ವಾರ್ಡುಗಳಲ್ಲಿ ಕೂದಲು ನರೆಸಿಕೊಂಡು ನಿವೃತ್ತರಾದ ನರ್ಸ್ ಅವರು. ಊರಿನ ಎಷ್ಟೋ ಮನೆಗಳ ಗುಟ್ಟು ಅವರ ಹೊಟ್ಟೆಯಲ್ಲಿತ್ತು. ಪೊಲೀಸರಿಗೆ ಹೇಳಲಾಗದ್ದನ್ನು ಜನ ಅವರ ಹತ್ತಿರ ಹೇಳುತ್ತಿದ್ದರು. ಅವರೂ ಎಳೆ ಹಿಡಿದು ಹೊರಟರೆ ಗಂಟು ಸಿಗುವ ತನಕ ಬಿಡುತ್ತಿರಲಿಲ್ಲ.

ಈಗ ಅವರು ಮೂಲೆಯ ಕುರ್ಚಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದರು.

"ಆ ದೊಡ್ಡ ಧೂಪದ ಮರದ ಅಡಿಯಲ್ಲೇ ನಿಲ್ಲಿಸುವ," ಎಂದಳು ಡಾಲಿ. "ಮದುವೆಯಾದ ವರ್ಷ ನಾನು, ರೇಮಂಡ್ ಅಲ್ಲಿಯೇ ಬುತ್ತಿ ಬಿಚ್ಚಿದ್ದು. ಮಧ್ಯಾಹ್ನವೂ ಚಾಪೆಯ ಮೇಲೆ ಬಿಸಿಲು ಬೀಳ್ತಿರಲಿಲ್ಲ."

ರೇಮಂಡನ ಹೆಸರು ಬಂದ ಕೂಡಲೇ ಪೌಲ್ ಪೆನ್ಸಿಲಿನ ಮೊನೆ ನೋಡತೊಡಗಿದ. ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ಬಂದರಿನಿಂದ ಹೆಂಚು ಹೇರಿಕೊಂಡು ಹೊರಟ ಲಾಂಚು ಕಡಲಿನಲ್ಲಿ ಮುಳುಗಿತ್ತು. ಅದರ ಇಂಜಿನ್ ನೋಡಿಕೊಳ್ಳುತ್ತಿದ್ದವನು ಡಾಲಿಯ ಗಂಡ ರೇಮಂಡ್. ಹೆಣ ಸಿಗಲಿಲ್ಲ. ಸುದ್ದಿ ಬಂದ ದಿನ ಕುಸಿದು ಕುಳಿತ ಡಾಲಿ ಮತ್ತೆ ಎದ್ದು ನಿಲ್ಲಲಿಲ್ಲ. ಕಾಲಿನಲ್ಲಿ ಏನೂ ದೋಷವಿಲ್ಲ ಎಂದರು ಡಾಕ್ಟರರು. ಆದರೂ ಕಾಲು ಅವಳ ಮಾತು ಕೇಳಲಿಲ್ಲ.

"ಧೂಪದ ಮರ ಈಗ ಎಲ್ಲಿ ಉಂಟು, ಮಗಳೇ?" ಎಂದರು ಎದುರು ಕುಳಿತಿದ್ದ ಬಂದರಿನ ವ್ಯಾಪಾರಿ ಅಹ್ಮದ್ ಬಾವ. "ಈ ಮಳೆಗೆ ಅದು ಬುಡಸಮೇತ ಬಿದ್ದಿದೆ. ನೆರಳಿಲ್ಲದ ಜಾಗಕ್ಕೆ ಯಾಕೆ ಹೋಗುವುದು? ನಾನು ಹೇಳುವುದು ಕೇಳು, ಮಲ್ಪೆಗೆ ಹೋಗುವ. ಗಾಳಿ ಉಂಟು, ಸಮುದ್ರ ಉಂಟು."

"ಸಮುದ್ರ ಬೇಡ, ಬಾವಾ ಅಂಕಲ್," ಎಂದಳು ಡಾಲಿ ಮೆಲ್ಲಗೆ.

ಬಾವ ಗಡ್ಡದ ಮೇಲೆ ಕೈಯಾಡಿಸಿಕೊಂಡರು. ಮುಳುಗಿದ ಲಾಂಚು ಅವರದು. ಈ ಬಸ್ಸೂ ಒಂದು ಕಾಲಕ್ಕೆ ಅವರದೇ. ಕಾರ್ಕಳದ ಲೈನಿನಲ್ಲಿ ಓಡುತ್ತಿತ್ತು. ಎಲ್ಲಿಗಾದರೂ ಪ್ರಯಾಣ ಹೋಗಬೇಕೆಂಬ ಡಾಲಿಯ ಆಸೆ ಕೇಳಿದ್ದೇ ಪೌಲನಿಗೆ ಬಿಟ್ಟುಕೊಟ್ಟಿದ್ದರು. ಹಬ್ಬಕ್ಕೆ ಅವರ ಹೆಂಡತಿ ಖತೀಜಮ್ಮ ಕಳಿಸುವ ತಿಂಡಿ ಈ ಮನೆಗೆ ತಪ್ಪಿದ್ದಿಲ್ಲ.

ಬರ್ನಡೆಟ್ ಬಾಯಿ ಲೋಟ ಕೆಳಗಿಟ್ಟರು. ನಿನ್ನೆ ಸಂಜೆಯಷ್ಟೇ ಇದೇ ಬಾವ ಅವರಿಗೆ ಹೇಳಿದ್ದರು: ಕಾರ್ಕಳದ ಲೈನು ಮಾರಿದ ಮೇಲೆ ತಾನು ಮೂಡುಬಿದಿರೆ ದಾಟಿ ಆಚೆ ಹೋದದ್ದೇ ಇಲ್ಲ ಎಂದು.

ನೆಲ್ಲಿಕೆರೆ ಕಾರ್ಕಳದಿಂದಲೂ ಆಚೆ. ಈ ಮಳೆಗಾಲದಲ್ಲಿ ಅಲ್ಲಿ ಬಿದ್ದ ಮರ ಬಾವರಿಗೆ ಹೇಗೆ ಗೊತ್ತು?

"ಬಾವಾ, ನನಗೊಮ್ಮೆ ಬಸ್ಸು ತೋರಿಸ್ತೀರಾ? ಒಳಗೆ ಹೇಗೆ ಉಂಟು ನೋಡಬೇಕಿತ್ತು," ಎಂದು ಅವರು ಎದ್ದರು.

*

ಬಸ್ಸಿನ ಒಳಗೆ ಹೊಸ ಹಲಗೆಯ ವಾಸನೆ ತುಂಬಿತ್ತು. ಪರದೆಗಳ ಸಂದಿನಿಂದ ಹೊಳೆಯ ಬೆಳಕು ನುಗ್ಗಿ ಗೋಡೆಯುದ್ದಕ್ಕೂ ಓಡುತ್ತಿತ್ತು. ಮಂಚದ ಮೇಲೆ ಕುಳಿತ ಬರ್ನಡೆಟ್ ಬಾಯಿಗೆ ಒಂದು ಕ್ಷಣ ಬಸ್ಸೇ ಹೊರಟಂತೆ ಭಾಸವಾಯಿತು. ನಿಂತ ಗಾಡಿಯಲ್ಲಿ ಎದುರುಬದುರು ಕುಳಿತು ಎತ್ತಲೋ ಸಾಗುತ್ತಿರುವ ಇಬ್ಬರು ಮುದುಕರು ತಾವು ಎನ್ನಿಸಿತು. ಶೆಡ್ಡಿನಲ್ಲಿ ಯಾರೋ ಮರಕ್ಕೆ ಉಜ್ಜುಗೊರಡು ಎಳೆಯುತ್ತಿದ್ದ ಸದ್ದು ದೂರದ ತೆರೆಯ ಹಾಗೆ ಬಂದು ಹೋಗುತ್ತಿತ್ತು.

"ಒಳ್ಳೆ ಕೆಲಸ ಮಾಡಿದ್ದಾನೆ ಪೌಲ್," ಎಂದರು ಬಾವ.

"ಹೌದು. ಒಂದು ಮಾತು ಕೇಳ್ತೇನೆ, ಬೇಸರ ಮಾಡಬೇಡಿ. ಧೂಪದ ಮರ ಬಿದ್ದದ್ದು ನಿಮಗೆ ಯಾರು ಹೇಳಿದ್ದು?"

ಬಾವ ಕಿಟಕಿಯ ಕಡೆ ನೋಡಿದರು. "ಯಾರೋ ಹೇಳಿದರು. ಬಸ್ಸಿನವರು."

"ಯಾವ ಬಸ್ಸಿನವರು?"

"ಈಗ ಹೆಸರು ನೆನಪಿಲ್ಲ, ಬಾಯಿ."

"ಬಾವಾ, ನೀವು ಬಂದರಿನಲ್ಲಿ ವ್ಯಾಪಾರ ಮಾಡುವವರು. ಹತ್ತು ವರ್ಷದ ಹಿಂದೆ ಯಾರು ಯಾವ ದೋಣಿಯಲ್ಲಿ ಎಷ್ಟು ಹೆಂಚು ಹೇರಿದರು ಅಂತ ಬಾಯಲ್ಲೇ ಹೇಳ್ತೀರಿ. ಈ ಮಳೆಗಾಲದ ಹೆಸರು ಮರೆತುಹೋಯಿತಾ?"

ಉಜ್ಜುಗೊರಡಿನ ಸದ್ದು ನಿಂತು ಮತ್ತೆ ಶುರುವಾಯಿತು.

"ಪೌಲನಿಗೆ ಬಸ್ಸು ಕೊಟ್ಟವರು ನೀವು," ಎಂದರು ಬರ್ನಡೆಟ್ ಬಾಯಿ. ಅವರ ಸ್ವರ ರೋಗಿಯ ಹಣೆ ಮುಟ್ಟಿ ನೋಡುವಾಗಿನ ಸ್ವರದಂತೆ ತಣ್ಣಗಿತ್ತು. "ಅವನು ಎಲ್ಲಿಗೆ ಹೋಗ್ತಾನೆ ಅಂತ ಆಗ ನಿಮಗೆ ಗೊತ್ತಿರಲಿಲ್ಲ. ನೆಲ್ಲಿಕೆರೆ ಅಂತ ಡಾಲಿ ಬಾಯಿಬಿಟ್ಟ ವಾರದಲ್ಲೇ ಟ್ಯಾಂಕಿಗೆ ಸಕ್ಕರೆ ಬಿತ್ತು. ಆಮೇಲೆ ನೀವು ಬಂದಾಗೆಲ್ಲ ಬೇರೆ ಬೇರೆ ಊರಿನ ಹೆಸರು ಹೇಳ್ತೀರಿ. ಮಲ್ಪೆ ಆಗಬಹುದು, ಕೊಲ್ಲೂರು ಆಗಬಹುದು, ಆ ಕೆರೆಯೊಂದು ಆಗಬಾರದು. ಆ ದಡದಲ್ಲಿ ಎಂತ ಉಂಟು, ಬಾವಾ?"

ಬಾವ ತಲೆಯ ಟೊಪ್ಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. ಅದರ ಅಂಚನ್ನು ತಿರುಗಿಸಿದರು.

"ಸಕ್ಕರೆ ಹಾಕಿದ್ದು ನಾನೇ," ಎಂದರು ಕೊನೆಗೆ. "ಯಾವ ಬಾಯಿಯಿಂದ ಹೇಳಲಿ? ಆ ಹುಡುಗಿ ಕೇಳಿದ್ದು ಅದೊಂದೇ."

"ಯಾಕೆ ಹಾಕಿದಿರಿ?"

"ರೇಮಂಡ್ ಅಲ್ಲಿ ಇದ್ದಾನೆ."

ಬರ್ನಡೆಟ್ ಬಾಯಿಯ ಕೈ ತಾನಾಗಿ ಎದೆಯ ಮೇಲಿನ ಶಿಲುಬೆಯನ್ನು ಹಿಡಿಯಿತು. ಗೋಡೆಯ ಮೇಲೆ ಬೆಳಕು ಹಾಗೆಯೇ ಓಡುತ್ತಿತ್ತು.

"ಅವನು ಲಾಂಚು ಹತ್ತಲೇ ಇಲ್ಲ," ಬಾವ ಹೇಳತೊಡಗಿದರು. ಹೇಳುತ್ತಾ ಅವರ ಸ್ವರ ಕೆಳಗಿಳಿಯಿತು. "ಹೊರಡುವ ಮುಂಚೆ ನನ್ನ ಹತ್ತಿರ ಬಂದು ಅಂಗಿಯ ತೋಳು ಮೇಲೆತ್ತಿ ತೋರಿಸಿದ. ಬಿಳಿ ಕಲೆಗಳು. ಸುಟ್ಟರೂ ಗೊತ್ತಾಗುದಿಲ್ಲ ಅಂದ. ನಿಮಗೆ ಹೇಳಬೇಕಾ, ಯಾವ ರೋಗ ಅಂತ? ಎರಡು ದಿನದಲ್ಲಿ ಲಾಂಚು ಮುಳುಗಿದ ಸುದ್ದಿ ಬಂತು. ಅವನು ಅಡಗಿ ಕುಳಿತಲ್ಲಿಗೆ ನಾನು ಓಡಿಹೋಗಿ ಹೇಳಿದೆ, ನೀನು ಬದುಕಿದೆ ಮಾರಾಯ ಅಂತ. ಅವನು ನನ್ನ ಕಾಲು ಹಿಡಿದ. ಸತ್ತವರ ಜೊತೆ ನನ್ನನ್ನೂ ಸೇರಿಸಿಬಿಡಿ ಸಾಹುಕಾರ್ರೇ, ಡಾಲಿಗೆ ವಿಧವೆ ಅನ್ನಿಸಿಕೊಂಡರೂ ಮರ್ಯಾದೆ ಉಂಟು, ಈ ರೋಗದವನ ಹೆಂಡತಿ ಅನ್ನಿಸಿಕೊಂಡರೆ ಅದೂ ಇಲ್ಲ ಅಂದ."

"ನೀವು ಒಪ್ಪಿದಿರಿ."

"ಒಪ್ಪಿದೆ. ಕೆರೆಯ ಆಚೆ ದಡದಲ್ಲಿ ಅಂಥವರನ್ನು ನೋಡಿಕೊಳ್ಳುವ ಒಂದು ಮನೆ ಉಂಟು. ಅಲ್ಲಿ ಬಿಟ್ಟೆ. ಈಗ ಕೆರೆಯ ಬದಿಯ ಪಾರ್ಕಿನ ಹೂಗಿಡಗಳಿಗೆ ನೀರು ಹಾಕ್ತಾನೆ. ವರ್ಷಕ್ಕೆ ಒಂದೆರಡು ಸಲ ಹೋಗಿ ನೋಡಿ ಬರ್ತೇನೆ. ಖತೀಜಮ್ಮನಿಗೂ ಗೊತ್ತಿಲ್ಲ."

ಬರ್ನಡೆಟ್ ಬಾಯಿಯ ಮುಖ ಕೆಂಪಾಯಿತು. ಅಷ್ಟು ಹೊತ್ತು ತಣ್ಣಗಿದ್ದ ಸ್ವರ ಏರಿತು.

"ಕುಷ್ಠದವರ ಹುಣ್ಣನ್ನು ನಾನು ಈ ಕೈಯಿಂದ ತೊಳೆದಿದ್ದೇನೆ, ಬಾವಾ. ನನಗೆ ಎಂತ ಆಯಿತು? ಅದಕ್ಕೆ ಈಗ ಮಾತ್ರೆ ಉಂಟು. ಗುಣವಾಗಿ ಮನೆಗೆ ಹೋದವರನ್ನು ನೋಡಿದ್ದೇನೆ. ಅದಕ್ಕೋಸ್ಕರ ಗಂಡ ಸತ್ತವನ ಹಾಗೆ ಅಡಗಿ, ಹೆಂಡತಿ ಜೀವ ಇದ್ದೂ ಇಲ್ಲದ ಹಾಗೆ ಮಂಚ ಹಿಡಿಯುವುದಾ? ನನ್ನ ಹತ್ತಿರ ಒಂದು ಮಾತು ಕೇಳ್ಲಿಕ್ಕೆ ಆಗ್ಲಿಲ್ವಾ ನಿಮಗೆ?"

ಬಾವ ತಲೆ ತಗ್ಗಿಸಿದರು. ಕಣ್ಣೀರು ಗಡ್ಡದೊಳಗೆ ಇಳಿದು ಕಾಣದಾಯಿತು.

"ಸಕ್ಕರೆ ಹಾಕಿದ್ದು ಹೋಗಲಿ. ಬ್ರೇಕು ಯಾಕೆ ಬಿಚ್ಚಿದಿರಿ? ಪೌಲ್ ನೋಡದೆ ಗಾಡಿ ತೆಗೆದಿದ್ದರೆ?"

ಬಾವ ತಟ್ಟನೆ ತಲೆಯೆತ್ತಿದರು. "ಬ್ರೇಕಾ? ಅಲ್ಲಾಹನ ಆಣೆ, ಅದು ನಾನಲ್ಲ. ಮನುಷ್ಯರು ಕೂತುಕೊಳ್ಳುವ ಗಾಡಿಯ ಬ್ರೇಕು ನಾನು ಮುಟ್ಟುವುದಾ?"

ಬರ್ನಡೆಟ್ ಬಾಯಿ ಅವರನ್ನೇ ದಿಟ್ಟಿಸಿದರು. ಸುಳ್ಳು ಹೇಳುವಾಗ ಕಿಟಕಿಯ ಕಡೆ ಹೋಗುತ್ತಿದ್ದ ಆ ಕಣ್ಣು ಈಗ ನೇರವಾಗಿ ನಿಂತಿತ್ತು.

ಅವರು ಕೈಚೀಲದಿಂದ ಒಂದು ಪುಟ್ಟ ಬಟ್ಟೆಯ ಗಂಟು ತೆಗೆದು ಮಡಚುವ ಮೇಜಿನ ಮೇಲಿಟ್ಟರು. "ಬಿಚ್ಚಿದವರು ನಟ್ಟನ್ನು ಎಸೆಯಲಿಲ್ಲ. ಹೀಗೆ ಬಟ್ಟೆಯಲ್ಲಿ ಕಟ್ಟಿ ಡ್ರೈವರನ ಸೀಟಿನ ಮೇಲೆ ಇಟ್ಟಿದ್ದರು, ಹತ್ತಿದವರಿಗೆ ಮೊದಲು ಅದೇ ಕಾಣುವ ಹಾಗೆ. ಚಕ್ರಕ್ಕೆ ಕಲ್ಲು ಕೊಟ್ಟಿದ್ದರು. ಯಾರಿಗೂ ಪೆಟ್ಟಾಗಬಾರದು, ಗಾಡಿ ಮಾತ್ರ ಹೋಗಬಾರದು. ಅದಕ್ಕೇ ನಿಮ್ಮದೇ ಕೆಲಸ ಅಂತ ನಾನು ಎಣಿಸಿದ್ದು."

ಬಾವ ಗಂಟನ್ನು ಬೆಳಕಿಗೆ ಹಿಡಿದರು. ಮೊಲದ ಕಿವಿಯ ಹಾಗೆ ಎರಡು ತುದಿ ಮೇಲೆ ಬಿಟ್ಟು, ನಡುವೆ ಅಡ್ಡ ಸುತ್ತಿ ಬಿಗಿದ ಗಂಟು.

"ಇದು ರೇಮಂಡನ ಗಂಟು," ಎಂದರು ಪಿಸುಮಾತಿನಲ್ಲಿ. "ಲಾಂಚು ಓಲಾಡುವಾಗ ನಟ್ಟು ಉರುಳಿ ಹೋಗಬಾರದು ಅಂತ ಇಂಜಿನ್ ಕೋಣೆಯಲ್ಲಿ ಹೀಗೆಯೇ ಕಟ್ಟಿ ತೂಗುಹಾಕ್ತಿದ್ದ. ಬೇರೆ ಯಾರೂ ಹೀಗೆ ಕಟ್ಟುದಿಲ್ಲ."

"ಹಾಗಾದರೆ ಅವನು ಇಲ್ಲಿಗೆ ಬಂದಿದ್ದಾನಾ?"

"ಬಂದರೂ ಎಂತ ಪ್ರಯೋಜನ, ಬಾಯಿ? ಅವನ ಬೆರಳು ಮಡಚಿಹೋಗಿದೆ. ನೀರಿನ ಡಬ್ಬವನ್ನು ಮುಂಗೈಗೆ ಸಿಕ್ಕಿಸಿಕೊಂಡು ಹೊರ್ತಾನೆ. ಸ್ಪಾನರು ಹಿಡಿಯುವ ಕೈ ಅಲ್ಲ ಅದು. ಈ ಗಂಟು ಅವನಿಂದ ಆಗುದಿಲ್ಲ."

ಬರ್ನಡೆಟ್ ಬಾಯಿ ಆ ಗಂಟನ್ನೇ ನೋಡಿದರು. ಕೆಲಸ ಮುಗಿಸಿ ಬಂದ ಗಂಡ ಜಗಲಿಯಲ್ಲಿ ಕುಳಿತು ಬಟ್ಟೆಯ ಚೂರುಗಳನ್ನು ಕಟ್ಟುವುದು, ಪಕ್ಕದಲ್ಲಿ ಹೊಸ ಹೆಂಡತಿ ಕುಳಿತು ನೋಡುವುದು, ನೋಡುತ್ತಾ ನೋಡುತ್ತಾ ತಾನೂ ಒಂದು ಕಟ್ಟುವುದು: ಎಲ್ಲ ಅವರ ಕಣ್ಣ ಮುಂದೆ ನಡೆದುಹೋಯಿತು. ಅವರು ಪರದೆ ಸರಿಸಿ ಮೇಲೆ ನೋಡಿದರು. ಮಹಡಿಯ ಜಗಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಅಲ್ಲಿ ಕುಳಿತವರಿಗೂ ಈ ಬಸ್ಸು, ಅದರ ಪೆಟ್ರೋಲ್ ಟ್ಯಾಂಕು ಅಷ್ಟೇ ಸ್ಪಷ್ಟವಾಗಿ ಕಾಣುತ್ತಿರಬೇಕು.

"ಇಲ್ಲಿಯೇ ಇರಿ, ಬಾವಾ. ನಾನು ಈಗ ಬರ್ತೇನೆ."

"ಡಾಲಿಗೆ ಹೇಳಬೇಡಿ, ಬಾಯಿ," ಬಾವ ಕೈಮುಗಿದರು. "ನಿಮ್ಮ ದಮ್ಮಯ್ಯ. ಬಸ್ಸು ಅಲ್ಲಿಗೆ ಹೋಗುವುದು ಬೇಡ."

*

ಪೌಲ್ ಶೆಡ್ಡಿಗೆ ಇಳಿದಿದ್ದ. ಜಗಲಿಯಲ್ಲಿ ಡಾಲಿಯೂ, ಅವಳನ್ನು ನೋಡಿಕೊಳ್ಳುವ ಗುಣವತಿಯೂ ಮಾತ್ರ ಇದ್ದರು. ಪ್ರಯಾಣಕ್ಕೆಂದು ಒಣಮೀನಿನ ಚಟ್ನಿಯನ್ನು ಭರಣಿಗೆ ತುಂಬುತ್ತಿದ್ದ ಗುಣವತಿ, ಬರ್ನಡೆಟ್ ಬಾಯಿಯ ಮುಖ ನೋಡಿದ್ದೇ ಭರಣಿಯನ್ನು ಅಲ್ಲಿಯೇ ಬಿಟ್ಟು ಗೋಡೆಗೆ ಸರಿದಳು.

ಬರ್ನಡೆಟ್ ಬಾಯಿ ಡಾಲಿಯ ಎದುರು ನೆಲದ ಮೇಲೆ ಕುಳಿತರು. ಏನೂ ಕೇಳದೆ, ಕಾಲಿನ ಮೇಲಿನ ಹೊದಿಕೆ ಸರಿಸಿ, ಪಾದವೊಂದನ್ನು ಮಡಿಲಿಗೆ ತೆಗೆದುಕೊಂಡರು. ವರ್ಷಗಟ್ಟಲೆ ನೆಲ ಮುಟ್ಟದ ಪಾದ ಹೇಗಿರುತ್ತದೆ ಎನ್ನುವುದು ಅವರಿಗೆ ಗೊತ್ತಿತ್ತು. ಮಗುವಿನ ಅಂಗಾಲಿನಷ್ಟು ಮೆತ್ತಗಿರುತ್ತದೆ. ಇದು ಹಾಗಿರಲಿಲ್ಲ. ಹಿಮ್ಮಡಿ ಗಟ್ಟಿಯಾಗಿತ್ತು; ಬಿರುಕಿನಲ್ಲಿ ಕೆಂಪು ಮಣ್ಣಿನ ಗೆರೆ ಇತ್ತು.

"ಯಾವಾಗಿನಿಂದ?"

ಡಾಲಿ ಹೊಳೆಯ ಕಡೆ ನೋಡುತ್ತಿದ್ದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ಹಗಲುಗನಸು ಇನ್ನೂ ಮುಗಿಯದವಳ ಹಾಗೆ ಇದ್ದಳು.

"ಮಳೆಗಾಲ ಶುರುವಾದಾಗ. ಒಂದು ದಿನ ಕನಸಿನಲ್ಲಿ ನಡೀತಾ ಇದ್ದೆ. ಎಚ್ಚರವಾಗುವಾಗ ಬಾಗಿಲ ಹತ್ತಿರ ನಿಂತಿದ್ದೆ. ಯಾರಿಗೂ ಹೇಳ್ಬೇಡ ಅಂತ ಗುಣವತಿಗೆ ಆಣೆ ಹಾಕಿಸಿದೆ. ಯಾಕೆ ಅಂತ ಈಗ ಕೇಳ್ಬೇಡಿ, ಬಾಯಿ."

"ಬ್ರೇಕು?"

"ನಾನೇ."

"ನೆಲ್ಲಿಕೆರೆಗೆ ಹೋಗಬೇಕು ಅಂತ ಹಟ ಹಿಡಿದವಳು ನೀನು. ಬಸ್ಸು ನಿಲ್ಲಿಸಿದವಳೂ ನೀನಾ?"

"ಹೋಗಬೇಕು ಅಂತ ಹೇಳಿದ್ದು ನಿಜವಾಗಿ ಆಸೆಯಿಂದಲೇ. ಆಮೇಲೆ ಬಾವಾ ಅಂಕಲ್ ಟ್ಯಾಂಕಿಗೆ ಸಕ್ಕರೆ ಹಾಕುವುದು ನನಗೆ ಇಲ್ಲಿಂದ ಕಂಡಿತು. ನಮ್ಮನ್ನು ಇಷ್ಟು ಪ್ರೀತಿ ಮಾಡುವವರು ಯಾಕೆ ಹೀಗೆ ಮಾಡಿದರು? ಪೌಲ್ ಬಾಬ್ ಮರ ತರ್ಲಿಕ್ಕೆ ಕಾಸರಗೋಡಿಗೆ ಹೋದ ದಿನ ನಾನು, ಗುಣವತಿ ಬೆಳಗ್ಗಿನ ಬಸ್ಸು ಹಿಡಿದು ಅಲ್ಲಿಗೆ ಹೋದೆವು. ಅಲ್ಲಿ ಕಂಡದ್ದನ್ನು ಕಂಡ ಮೇಲೆ ನಮ್ಮ ಬಸ್ಸು ಹೋಗುವುದು ಬೇಡ ಅನ್ನಿಸಿತು; ಧೂಪದ ಮರ ಬಿದ್ದದ್ದು ಗೊತ್ತಿದ್ದೇ ಇವತ್ತು ಬಾವಾ ಅಂಕಲ್ ಎದುರು ಅದರ ಹೆಸರು ತೆಗೆದೆ."

ಬರ್ನಡೆಟ್ ಬಾಯಿ ಹೇಳಬೇಕಾದ ಮಾತನ್ನು ಹೇಗೆ ಹೇಳುವುದೆಂದು ಮೆಟ್ಟಿಲುದ್ದಕ್ಕೂ ಹುಡುಕುತ್ತಾ ಬಂದಿದ್ದರು. ಇವಳು ಆಗಲೇ ಹೋಗಿ ನೋಡಿ ಬಂದಿದ್ದಾಳೆ! ಅವರು ಅವಳ ಎರಡೂ ಕೈ ಹಿಡಿದುಕೊಂಡರು.

"ಹಾಗಾದರೆ ಅವನನ್ನು ನೋಡಿದಿ. ಡಾಲಿ, ಅದು ಗುಣವಾಗುವ ರೋಗ. ನಾನು ಇದ್ದೇನೆ. ರೇಮಂಡನನ್ನು ಮನೆಗೆ ಕರ್ಕೊಂಡು ಬರುವ."

ಡಾಲಿ ಈಗ ತಿರುಗಿ ನೋಡಿದಳು.

"ರೇಮಂಡ್ ಅಂತ ನಿಮಗೆ ಬಾವಾ ಅಂಕಲ್ ಹೇಳಿದರಾ?"

"ಈಗಷ್ಟೇ ಹೇಳಿದರು. ಅತ್ತುಕೊಂಡು ಹೇಳಿದರು."

"ಬಾವಾ ಅಂಕಲ್ ಬಂದು ನೋಡುವವನು ಇವನೇ ಅಂತ ಅಲ್ಲಿಯವರು ತೋರಿಸಿದರು. ನಾನು ಅವನ ಎದುರೇ ನಿಂತು ನೋಡಿದೆ, ಬಾಯಿ. ಹೂಗಿಡಗಳ ನಡುವೆ, ಇಷ್ಟು ಹತ್ತಿರ. ನೀರು ಹಾಕುವುದನ್ನು ಬಿಟ್ಟು ಅವನೂ ನನ್ನನ್ನೇ ನೋಡಿದ. ಮುಖ ಸ್ವಲ್ಪ ಮಾಸಿದೆ, ಕೈ ಹಾಳಾಗಿದೆ. ಅದರಿಂದೆಲ್ಲ ನನ್ನ ಗಂಡನ ಗುರುತು ನನಗೆ ತಪ್ಪುತ್ತದಾ?" ಡಾಲಿಯ ಸ್ವರ ಮೊದಲ ಬಾರಿಗೆ ಒಡೆಯಿತು. "ಆ ಮನುಷ್ಯ ರೇಮಂಡ್ ಅಲ್ಲ. ನಾನು ಜನ್ಮದಲ್ಲಿ ಕಂಡವನಲ್ಲ. ಆದರೆ ಅವನ ಕುತ್ತಿಗೆಯಲ್ಲಿ ಒಂದು ದಾರ ಉಂಟು. ಆ ದಾರದಲ್ಲಿ ಇದ್ದದ್ದು ರೇಮಂಡನ ಮದುವೆಯ ಉಂಗುರ."

ಗುಣವತಿ ಗೋಡೆಯ ಬಳಿಯಿಂದ ತಲೆಯಾಡಿಸಿದಳು. "ಹೌದಮ್ಮ. ನಾನೂ ನೋಡಿದೆ. ಒಳಗೆ ಇವರ ಹೆಸರು ಕೊರೆದದ್ದು ಉಂಟು."

ಹೊಳೆಯ ಬೆಳಕು ಮಾಡಿನಿಂದ ಇಳಿದುಹೋಗಿತ್ತು. ಬರ್ನಡೆಟ್ ಬಾಯಿ ಬಸ್ಸಿನಲ್ಲಿ ಕಂಡ ಆ ನೇರ ಕಣ್ಣುಗಳನ್ನು ನೆನೆದರು, ಗಡ್ಡದೊಳಗೆ ಇಳಿದ ಕಣ್ಣೀರನ್ನು ನೆನೆದರು. ಆಮೇಲೆ ತಮ್ಮ ಅಂಗೈಯಲ್ಲಿದ್ದ ಡಾಲಿಯ ಕೈಗಳನ್ನು ನೋಡಿದರು. ಇಬ್ಬರಲ್ಲಿ ಒಬ್ಬರ ಮಾತು ಸುಳ್ಳು. ಇಬ್ಬರ ಮುಖದಲ್ಲೂ ಅವರಿಗೆ ಸುಳ್ಳು ಕಾಣಲಿಲ್ಲ.

ಆಗ ಅಂಗಳದಿಂದ ಇಂಜಿನ್ ಕೆಮ್ಮಿದ ಸದ್ದು ಕೇಳಿತು. ಒಮ್ಮೆ ಕೆಮ್ಮಿ, ಆಮೇಲೆ ಒಂದೇ ಸಮನೆ ಗುಡುಗತೊಡಗಿತು. ಮಹಡಿಯ ಹಲಗೆಗಳು ಅದುರಿದವು.

"ಬರ್ನಡೆಟ್ ಬಾಯೀ!" ಕೆಳಗಿನಿಂದ ಅಹ್ಮದ್ ಬಾವರ ಸ್ವರ ಬಂತು. ಅದರಲ್ಲಿ ಅಳುವಿನ ಸುಳಿವೂ ಇರಲಿಲ್ಲ. "ಬ್ರೇಕು ಸರಿ ಮಾಡಿದೆ. ನೀವು ಹೇಳಿದ್ದೇ ಸರಿ, ಇನ್ನು ಅಡಗಿಸುವುದು ಬೇಡ. ನಾಳೆ ಬೆಳಿಗ್ಗೆಯೇ ಹೊರಡುವ, ನೆಲ್ಲಿಕೆರೆಗೇ ಹೋಗುವ. ಪೌಲ್ ಬೇಡ, ನಾನೇ ಓಡಿಸ್ತೇನೆ. ಡಾಲಿಗೆ ಹೇಳಿ!"

ಬರ್ನಡೆಟ್ ಬಾಯಿ ಎದ್ದು ನಿಂತರು. ಡಾಲಿಯ ಕಡೆ ತಿರುಗಿದರು.

ಡಾಲಿ ತನ್ನ ಎರಡೂ ಕಾಲುಗಳನ್ನು, ಜೀವವಿಲ್ಲದ ಎರಡು ಮರದ ತುಂಡುಗಳನ್ನು ಎತ್ತಿದ ಹಾಗೆ, ಒಂದೊಂದಾಗಿ ಕೈಯಿಂದ ಎತ್ತಿ ಹೊದಿಕೆಯ ಒಳಗಿಟ್ಟಳು. ದಿಂಬಿಗೆ ಒರಗಿ ಕಣ್ಣು ಮುಚ್ಚಿದಳು.

"ಬರ್ತೇವೆ ಅಂತ ಹೇಳಿ, ಬಾಯಿ," ಎಂದಳು. "ಉಂಗುರದ ಮಾತು ಅಲ್ಲಿಯೇ ಕೇಳುವ."